ಒಂದು ಗಂಟೆ ಹಿಂದಿರುವ ದಡ

ನ್ಯೂ ಬ್ರನ್ಸ್‌ವಿಕ್, ನದಿಯ ಈಚೆ
ಜೂನ್ 2, 2021

ಪ್ರೀತಿಯ ಮಿರೆಯ್,

ನಿನ್ನ ಕಾಗದ ಸೋಮವಾರ ಬಂತು. ಜೊತೆಗೆ ದೂರಿನ ಪ್ರತಿಯೂ ಇತ್ತು, ನಾನು ಸಹಿ ಹಾಕಬೇಕಾದ ಕಡೆ ಒಂದು ಹಳದಿ ಚೀಟಿ ಅಂಟಿಸಿದ್ದೀಯ. ಸೇತುವೆಯ ಮೇಲೆ ಹಿಡಿದು ನಿಲ್ಲಲು ಅಮ್ಮನ ಒಳ್ಳೆಯ ಫೋಟೋ ಬೇಕು ಎಂದು ಕೇಳಿದ್ದೀಯ. ಹದಿನೇಳು ಮನೆಯವರು ಸೇರುತ್ತಾರಂತೆ, ರೇಡಿಯೋದವರು ಬರುತ್ತಾರಂತೆ. ಪ್ರಾಂತ್ಯದ ಗಡಿ ಮುಚ್ಚಿ, ಸಾಯುವವರ ಹತ್ತಿರ ಮಕ್ಕಳನ್ನು ಬಿಡದ ಸರ್ಕಾರ ಕ್ಷಮೆ ಕೇಳಬೇಕು, ಅಕ್ಕತಂಗಿ ಇಬ್ಬರೂ ಒಟ್ಟಿಗೆ ನಿಂತರೆ ಜನ ಕಿವಿಗೊಡುತ್ತಾರೆ ಎಂದು ಬರೆದಿದ್ದೀಯ.

ನಾನು ಸಹಿ ಹಾಕುವುದಿಲ್ಲ. ನೀನೂ ಆ ದೂರು ಕೊಡಬೇಡ. ಯಾಕೆ ಎಂದು ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಪಟ್ಟೆ. ನೀನು ಅಳಲು ಶುರುಮಾಡಿದರೆ ನನಗೆ ಮಾತು ನಿಂತುಹೋಗುತ್ತದೆ, ಚಿಕ್ಕಂದಿನಿಂದಲೂ ಹಾಗೆ. ಅದಕ್ಕೆ ಈ ಕಾಗದ.

ಕಳೆದ ವರ್ಷ ಮಾರ್ಚ್‌ನಲ್ಲಿ ಸಾಂಕ್ರಾಮಿಕಕ್ಕೆ ಹೆದರಿ ಸೇತುವೆ ಮುಚ್ಚಿದ ವಾರ ನಿನ್ನ ಕಡೆ ಹೇಗಿತ್ತು ಎಂದು ನೀನು ಊರಿಗೆಲ್ಲ ಹೇಳಿದ್ದೀಯ. ನನ್ನ ಕಡೆಯದನ್ನು ನೀನು ಯಾವತ್ತೂ ಕೇಳಲಿಲ್ಲ. ಅಮ್ಮ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ಹೃದಯ ಸೋತು ಕಾಲುಗಳಲ್ಲಿ ನೀರು ತುಂಬಿತ್ತು. ದಿನಾ ಬೆಳಿಗ್ಗೆ ಆಸ್ಪತ್ರೆಯ ಕಡೆಯಿಂದ ದಾದಿ ಡೋರಿಸ್ ಬಂದು ಸ್ನಾನ ಮಾಡಿಸಿ, ಹಾಸಿಗೆ ಬದಲಿಸಿ ಹೋಗುತ್ತಿದ್ದಳು. ಆ ಮಂಗಳವಾರ ಅವಳು ಮೆಟ್ಟಿಲ ಕೆಳಗೇ ನಿಂತಳು, ಹಿಮದಲ್ಲಿ. "ಇನ್ಮೇಲೆ ಮನೆಗಳಿಗೆ ಹೋಗ್ಬೇಡಿ ಅಂತ ಮೇಲಿಂದ ಹೇಳಿದ್ದಾರೆ, ಲೋರೆಟ್. ಎರಡು ವಾರ ಅಷ್ಟೇ ಅಂತೆ" ಎಂದಳು. ಒಂದು ಡಬ್ಬಿ ಕೈಗವಸು ಮೆಟ್ಟಿಲ ಮೇಲಿಟ್ಟು ಹೋದವಳು ಮತ್ತೆ ಬಂದದ್ದು ಅಮ್ಮನ ಹೆಣ ಹೋದ ಮೇಲೆ, ಅವರು ಕೊಟ್ಟಿದ್ದ ಹಾಸಿಗೆ ವಾಪಸು ತೆಗೆದುಕೊಂಡು ಹೋಗಲು.

ಒಬ್ಬಳೇ ಅಮ್ಮನನ್ನು ಎತ್ತುವುದು ಹೇಗೆಂದು ನಿನಗೆ ಗೊತ್ತಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹನ್ನೊಂದು ವರ್ಷ ನಾನೇ ನೋಡಿಕೊಂಡಿದ್ದೆ, ಮಿರೆಯ್. ನೀನು ಸೇತುವೆಯಾಚೆ, ಕಾರಿನಲ್ಲಿ ಕಾಲು ಗಂಟೆಯ ದಾರಿ. ಭಾನುವಾರ ನೀನು ಕೇಕಿನ ಡಬ್ಬಿ ಹಿಡಿದು ಬರುತ್ತಿದ್ದೆ, ಅಮ್ಮನ ಉಗುರಿಗೆ ಬಣ್ಣ ಹಚ್ಚುತ್ತಿದ್ದೆ, ಕತ್ತಲಾಗುವ ಮೊದಲು ಹೊರಡುತ್ತಿದ್ದೆ. ಆಮೇಲೆ ಬುಧವಾರದ ತನಕ ಅಮ್ಮ ಉಗುರು ನೋಡಿಕೊಳ್ಳುತ್ತಾ ಇರುತ್ತಿದ್ದಳು. ನಾನು ಊಟದ ತಟ್ಟೆ ತಂದರೆ, "ಮೆಲ್ಲಗೆ, ಬಣ್ಣ ಕಿತ್ಹೋಗುತ್ತೆ" ಎನ್ನುತ್ತಿದ್ದಳು.

ಸೇತುವೆ ಮುಚ್ಚಿದರು ಎಂದು ರೇಡಿಯೋದಲ್ಲಿ ಕೇಳಿದಾಗ ನಾನು ಒಲೆಯ ಮುಂದೆ ಕೋಳಿಯ ಫ್ರಿಕೋ ಸಾರು ತಿರುವುತ್ತಿದ್ದೆ. ಇದನ್ನು ಬರೆಯಲು ನಾಚಿಕೆ ಆಗಬೇಕು, ಆಗುತ್ತಿಲ್ಲ. ನನಗೆ ಸಂತೋಷವಾಯಿತು. ಇನ್ನು ಅಮ್ಮನಿಗೆ ನಾನೊಬ್ಬಳೇ. ಬೇರೆ ದಾರಿಯಿಲ್ಲ, ಈಗಲಾದರೂ ನನ್ನ ಮುಖ ನೋಡುತ್ತಾಳೆ ಅಂದುಕೊಂಡೆ.

ಅವಳು ನೋಡಿದ್ದು ಫೋನನ್ನು. ನೀನು ದಿನಾ ಸಂಜೆ ನಿನ್ನ ಗಡಿಯಾರದ ಐದಕ್ಕೆ, ನಮ್ಮ ಆರಕ್ಕೆ ಫೋನ್ ಮಾಡುತ್ತಿದ್ದೆ. ಐದೂವರೆಗೇ ಅವಳು ತಲೆ ಬಾಚು ಎನ್ನುತ್ತಿದ್ದಳು. ಫೋನಿನಲ್ಲಿ ನೀನು, "ಲೋರೆಟ್ ಸರಿಯಾಗಿ ಊಟ ಕೊಡ್ತಿದ್ದಾಳಾ ಅಮ್ಮ?" ಎಂದು ಕೇಳುತ್ತಿದ್ದೆ. ಫೋನನ್ನು ಅವಳ ಕಿವಿಗೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದವಳು ನಾನು. ಅಮ್ಮ ನನ್ನ ಕಡೆ ನೋಡಿ, "ಕೊಡ್ತಾಳೆ ಕೊಡ್ತಾಳೆ, ಉಪ್ಪು ಮಾತ್ರ ಕೈಗೆ ಬಂದಷ್ಟು" ಎನ್ನುತ್ತಿದ್ದಳು. ನೀವಿಬ್ಬರೂ ನಗುತ್ತಿದ್ದಿರಿ.

ಏಪ್ರಿಲ್ ಮೂರನೆಯ ವಾರದಿಂದ ನೀನು ಫೋನ್ ಮಾಡಿದಾಗ ಅಮ್ಮ ಮಲಗಿದ್ದಾಳೆ ಎಂದು ನಾನು ಹೇಳತೊಡಗಿದೆ. ನಿಜವಾಗಿ ಮಲಗಿದ್ದದ್ದು ಎರಡೋ ಮೂರೋ ದಿನ. ಉಳಿದ ದಿನ ಅವಳು ಒಳಗಿನಿಂದ, "ಯಾರು, ಮಿರೆಯ್‌ನಾ?" ಎಂದು ಕೂಗುತ್ತಿದ್ದಳು, ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿನ್ನ ಜೊತೆ ಮಾತಾಡುತ್ತಿದ್ದೆ. ಆಮೇಲೆ ಅವಳಿಗೆ, "ಆಸ್ಪತ್ರೆಯವರು, ಗುಳಿಗೆ ವಿಚಾರ" ಎಂದು ಹೇಳುತ್ತಿದ್ದೆ.

ಇನ್ನು ತಾಯಂದಿರ ದಿನದ ವಿಚಾರ. ದೂರಿನಲ್ಲಿ ಅದರ ಬಗ್ಗೆ ಒಂದಿಡೀ ಪುಟ ಬರೆದಿದ್ದೀಯ, ಓದಿದೆ. ನಿನ್ನ ಗಡಿಯಾರದ ಎರಡು ಗಂಟೆಗೆ ಆಚೆ ದಡದ ಕಟ್ಟೆಯ ಮೇಲೆ ಕಾರು ನಿಲ್ಲಿಸಿ ದೀಪ ಮಿನುಗಿಸುತ್ತೇನೆ, ಅಮ್ಮನನ್ನು ಕಿಟಕಿಗೆ ಕರೆತಾ ಎಂದಿದ್ದೆ. ನಾನು ಅವಳನ್ನು ಕುರ್ಚಿಗೆ ಎತ್ತಿ ಕೂರಿಸಿ ಕಿಟಕಿಗೆ ತಳ್ಳಿಕೊಂಡು ಹೋದೆ. ನೀಲಿ ಸ್ವೆಟರ್ ಹಾಕಿಸು ಎಂದು ಹಟ ಮಾಡಿದಳು, ಹಾಕಿಸಿದೆ. ಆದರೆ ಕರೆದುಕೊಂಡು ಹೋದದ್ದು ನಮ್ಮ ಎರಡು ಗಂಟೆಗೆ.

ಅವಳು ಕೇಳಿದಳು, "ಮಿರೆಯ್‌ನ ಎರಡಾ, ನಮ್ಮ ಎರಡಾ?"

"ನಮ್ಮದು" ಎಂದೆ.

ಮುಕ್ಕಾಲು ಗಂಟೆ ಕೂತಿದ್ದಳು. ಆಚೆ ದಡದಲ್ಲಿ ಏನೂ ಇರಲಿಲ್ಲ. ಮಂಜುಗಡ್ಡೆ ಕರಗಿ ನದಿ ಉಬ್ಬಿತ್ತು, ಮರದ ಕೊರಡುಗಳು ತೇಲಿಹೋಗುತ್ತಿದ್ದವು. "ಬಂದಿಲ್ಲ ಅಮ್ಮ. ಅಲ್ಲಿ ಕಾಯಿಲೆ ಜಾಸ್ತಿಯಂತೆ, ಅವಳಿಗೆ ಹೊರಗೆ ಬರೋಕೆ ಭಯ" ಎಂದೆ. ಅವಳು, "ಮಕ್ಕಳಿದ್ದಾರಲ್ಲ, ಹುಷಾರಾಗಿರ್ಲಿ" ಎಂದಳು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಸ್ವೆಟರ್ ಬಿಚ್ಚಲು ಬಿಡಲಿಲ್ಲ.

ಮೂರು ಗಂಟೆಗೆ ನೀನು ದೀಪ ಮಿನುಗಿಸಿದಾಗ ಆ ಕಿಟಕಿಯಲ್ಲಿ ಕುರ್ಚಿಯ ಮೇಲೆ ಕೂತು ಬಿಳಿ ಟವಲು ಬೀಸಿದವಳು ನಾನು. ಅಷ್ಟು ದೂರದಿಂದ ಯಾರೆಂದು ತಿಳಿಯುವುದಿಲ್ಲ. ಸಂಜೆ ನೀನು ಫೋನಿನಲ್ಲಿ, "ಕೈಯೆತ್ತೋಕೂ ಆಗಲ್ಲ ಅಂದಿದ್ದೆಯಲ್ಲ, ನೋಡು ನನ್ನ ನೋಡಿದ ತಕ್ಷಣ ಹೇಗೆ ಶಕ್ತಿ ಬಂತು" ಎಂದು ಅತ್ತೆ. ಹೌದು ಎಂದೆ. ರೇಡಿಯೋದವರ ಮುಂದೆ ನೀನು ಆ ಟವಲಿನ ಕಥೆ ಹೇಳಿದಾಗ ಊರಿನವರು ನನ್ನನ್ನು ಅಂಗಡಿಯಲ್ಲಿ ತಡೆದು, ಅಕ್ಕತಂಗಿ ಇಬ್ಬರೂ ಪುಣ್ಯವಂತೆಯರು ಎಂದರು.

ಮಾರನೆಯ ದಿನ, ಸೋಮವಾರ, ಸರ್ಕಾರದ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಒಳಗೆ ಬಿಡಿ ಎಂದು ನೀನು ಹಾಕಿದ್ದ ಅರ್ಜಿಯ ವಿಚಾರ. ದನಿ ಚಿಕ್ಕ ವಯಸ್ಸಿನದು, ಮನೆಯಿಂದಲೇ ಕೆಲಸ ಮಾಡುತ್ತಿದ್ದಳೋ ಏನೋ, ಹಿಂದೆ ಮಗುವೊಂದು ಅಳುತ್ತಿತ್ತು. "ನಿಮ್ಮ ತಂಗಿಯವರನ್ನ ಬಿಡಬಹುದು, ಮದಾಮ್. ಆದ್ರೆ ಹದಿನಾಲ್ಕು ದಿನ ಅವರು ಮನೆಯಿಂದ ಹೊರಗೆ ಬರೋ ಹಾಗಿಲ್ಲ. ಬೇರೆ ಕೋಣೆ, ಬೇರೆ ಬಚ್ಚಲು ಇದ್ಯಾ?" ಎಂದು ಕೇಳಿದಳು.

ನೆಲಮಾಳಿಗೆಯ ಕೋಣೆ ನಿನಗೆ ಗೊತ್ತಲ್ಲ. ಅಪ್ಪ ಕಟ್ಟಿಸಿದ ಬಚ್ಚಲೂ ಅಲ್ಲೇ ಇದೆ. ನೀನು ಮದುವೆಯಾಗಿ ಹೋಗುವ ತನಕ ಅಲ್ಲೇ ಮಲಗುತ್ತಿದ್ದೆ.

"ಇಲ್ಲ, ಚಿಕ್ಕ ಮನೆ. ಇರೋದು ಒಂದೇ ಬಚ್ಚಲು" ಎಂದೆ.

"ಹತ್ತಿರದಲ್ಲಿ ಬೇರೆ ಯಾರಾದ್ರೂ ಜಾಗ ಕೊಡ್ತಾರಾ?"

"ಈ ಕಾಲದಲ್ಲಿ ಯಾರು ಕೊಡ್ತಾರೆ?"

ಅವಳು ಕಾಗದ ತಿರುವಿಹಾಕುವ ಸದ್ದು ಕೇಳಿಸಿತು. ನಿಯಮದ ಆಚೆ ಏನಾದರೂ ಮಾಡಬಹುದಾ ಎಂದು ಯೋಚಿಸುತ್ತಿದ್ದಳು, ನನಗೆ ತಿಳಿಯಿತು. ಅಂತಹ ಒಳ್ಳೆಯ ಹುಡುಗಿ. "ಶುಕ್ರವಾರದ ತನಕ ಫೈಲು ಮುಚ್ಚಲ್ಲ. ಏನಾದ್ರೂ ವ್ಯವಸ್ಥೆ ಆದ್ರೆ ನಂಗೆ ಒಂದು ಫೋನ್ ಮಾಡಿ, ಅವತ್ತೇ ಕಾಗದ ಕಳಿಸ್ತೀನಿ. ನಮ್ಮಜ್ಜಿಗೂ ಹೀಗೇ ಆಯ್ತು" ಎಂದಳು. ನಂಬರು ಬರೆದುಕೊಂಡೆ.

ಬುಧವಾರ ಪಕ್ಕದ ಮನೆಯ ಓನೆಸಿಮ್ ಜರೀಗಿಡದ ಚಿಗುರು ಕಿತ್ತು ತಂದು ಮೆಟ್ಟಿಲ ಮೇಲಿಟ್ಟ. ದೂರ ನಿಂತು, "ಕಾರಿಗೆ ಕಟ್ಟಿ ಎಳೀತೀನಲ್ಲ, ಆ ನನ್ನ ಗಾಲಿಮನೆ ಅಂಗಳದಲ್ಲಿ ಸುಮ್ನೆ ನಿಂತಿದೆ. ಮಿರೆಯ್ ಅದ್ರಲ್ಲಿ ಇರ್ಲಿ, ಒಳಗೇ ಬಚ್ಚಲಿದೆ. ನಾನು ಹೀಟರ್ ಹಾಕಿಕೊಡ್ತೀನಿ. ಹದಿನಾಲ್ಕು ದಿನ ತಾನೇ. ಕೊನೇಪಕ್ಷ ಕಿಟಕಿ ಹೊರಗಿಂದ ನೋಡ್ಲಿ" ಎಂದ. "ಕೇಳಿನೋಡ್ದೆ, ಸರ್ಕಾರ ಒಪ್ಪಲ್ಲ" ಎಂದೆ. ಅವನು ಸರ್ಕಾರವನ್ನು ಬಾಯಿತುಂಬ ಬೈದು ಹೋದ. ಆ ಚಿಗುರನ್ನು ಬೇಯಿಸಿ ಬೆಣ್ಣೆ ಹಾಕಿ ಅಮ್ಮನಿಗೆ ಕೊಟ್ಟೆ. ಎರಡು ತುತ್ತು ತಿಂದಳು.

ಶುಕ್ರವಾರ ಕಳೆಯಿತು. ನಾನು ಫೋನ್ ಮಾಡಲಿಲ್ಲ.

ನಿನಗೆ ಬಂದ ಉತ್ತರದಲ್ಲಿ, "ಷರತ್ತುಗಳು ಪೂರೈಸಿಲ್ಲ" ಎಂದಷ್ಟೇ ಇತ್ತು. ಆ ಕಾಗದವನ್ನೇ ನೀನು ದೊಡ್ಡದು ಮಾಡಿಸಿ ಹಲಗೆಗೆ ಅಂಟಿಸಿಕೊಂಡು ಓಡಾಡಿದೆ. ಸೇತುವೆಯ ತಪಾಸಣೆಯವರಿಗೆ ನೀನು ಮೂರು ಸಲ ಹೋಗಿ ಕೈಮುಗಿದದ್ದು, ಕೊನೆಯ ಸಲ ಒಬ್ಬ ಅಧಿಕಾರಿ ನಿನ್ನ ಮುಖಕ್ಕೆ, "ನಿಮ್ಮ ಹಾಗೆ ದಿನಕ್ಕೆ ಇಪ್ಪತ್ತು ಜನ ಬರ್ತಾರೆ, ಮದಾಮ್. ಎಲ್ಲರ ತಾಯಂದಿರೂ ಒಟ್ಟಿಗೇ ಸಾಯ್ತಿದ್ದಾರಾ?" ಎಂದದ್ದು ಎಲ್ಲ ನಿಜವೇ. ಅವನು ಹಾಗೆ ಹೇಳಬಾರದಿತ್ತು. ಅವನ ಮೇಲೆ ಬೇಕಾದರೆ ದೂರು ಕೊಡು. ಆದರೆ ನಿನ್ನನ್ನು ತಡೆದದ್ದು ಅವನಲ್ಲ.

ಮೇ ಇಪ್ಪತ್ತೆರಡು, ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಅಮ್ಮ ಹೋದಳು. ನಿನ್ನ ಕಡೆ ಹತ್ತು. ನಿನಗೆ ನಾನು ಫೋನ್ ಮಾಡಿದ್ದು ನಿನ್ನ ಮಧ್ಯಾಹ್ನ ಹನ್ನೆರಡಕ್ಕೆ. ಆ ಎರಡು ಗಂಟೆ ಏನು ಮಾಡುತ್ತಿದ್ದೆ ಎಂದು ನೀನು ಕೇಳಿದ್ದೆ, ಕಾಗದಪತ್ರ ಎಂದಿದ್ದೆ. ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ನಿನಗೆ ತಿಳಿಯದೆ ಇರುವಷ್ಟು ಹೊತ್ತು ಅವಳು ನನ್ನವಳು ಅನ್ನಿಸಿತ್ತು. ಗೋರಿಯ ಹತ್ತಿರ ಹತ್ತು ಜನಕ್ಕಷ್ಟೇ ಅಪ್ಪಣೆ, ಬಂದವರು ಆರು. ಓನೆಸಿಮ್ ಫೋನು ಹಿಡಿದು ನಿನಗೆ ತೋರಿಸಿದ. ಗಾಳಿಗೆ ನಿನಗೆ ಪಾದ್ರಿಯ ಮಾತು ಕೇಳಿಸಲಿಲ್ಲವಂತೆ. ಕೇಳಿಸಬೇಕಾದದ್ದೇನೂ ಅವರು ಹೇಳಲಿಲ್ಲ.

ನಿನ್ನ ಮನೆಯ ಕಿಟಕಿಯಲ್ಲಿ ಕಾಯಿಲೆಯ ಕಾಲದಲ್ಲಿ ಮಕ್ಕಳು ಬರೆದ ಕಾಮನಬಿಲ್ಲು ಇನ್ನೂ ಇದೆ ಎಂದು ಕೇಳಿದೆ, ಎಲ್ಲ ಸರಿಹೋಗುತ್ತದೆ ಎಂಬ ಅಕ್ಷರಗಳ ಸಮೇತ. ತೆಗೆದುಬಿಡು.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ಕೇಳುತ್ತೀಯ. ಮನಸ್ಸಾಕ್ಷಿ ಎಂದು ಬರೆಯಬಹುದಿತ್ತು, ಪಾದ್ರಿಗೆ ಹಾಗೆಯೇ ಹೇಳಿದ್ದೇನೆ. ನಿಜವೇನೆಂದರೆ ದೂರು ಕೊಟ್ಟರೆ ಅವರು ಫೈಲು ತೆಗೆಯುತ್ತಾರೆ. ಅದರಲ್ಲಿ ಆ ಹುಡುಗಿ ನನ್ನ ಹೆಸರು, ನನ್ನ ಉತ್ತರ, ಶುಕ್ರವಾರದ ಗಡುವು ಎಲ್ಲ ಬರೆದಿಟ್ಟಿರುತ್ತಾಳೆ. ಹದಿನೇಳು ಮನೆಯವರ ಮುಂದೆ, ರೇಡಿಯೋದವರ ಮುಂದೆ ಅದನ್ನು ಯಾರೋ ಓದುವ ಬದಲು ನೀನೊಬ್ಬಳೇ ಓದು ಎಂದು ಬರೆಯುತ್ತಿದ್ದೇನೆ. ನಿನಗಾಗಿ ಎಂದು ಬರೆದು ಹೊಡೆದುಹಾಕಿದೆ, ನನಗಾಗಿ.

ನಿನ್ನನ್ನು ನಾನು ದ್ವೇಷಿಸುತ್ತಿರಲಿಲ್ಲ. ನೀನು ಹುಟ್ಟಿದಾಗ ನನಗೆ ಏಳು ವರ್ಷ, ನಿನ್ನ ತೊಟ್ಟಿಲು ತೂಗಿದವಳು ನಾನೇ. ಆದರೆ ಯಾರಾದರೂ ನನ್ನನ್ನು ಕೇಳಿದ್ದರೆ, ಆ ಒಂಬತ್ತು ವಾರ ಸೇತುವೆ ತೆರೆಯಬೇಕಾ ಎಂದು ಕೇಳಿದ್ದರೆ, ಬೇಡ ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಫೋಟೋ ಈ ಲಕೋಟೆಯಲ್ಲೇ ಇದೆ. ನಾನು ಪಕ್ಕದಲ್ಲಿ ನಿಂತಿದ್ದೆ, ಕತ್ತರಿಸಿ ತೆಗೆದಿದ್ದೇನೆ. ಬೇಕಾದ ಹಾಗೆ ಉಪಯೋಗಿಸಿಕೋ. ಮನೆಗೆ ಬರಬೇಡ.

ನಿನ್ನ ಅಕ್ಕ,
ಲೋರೆಟ್

ಮರೆತಿದ್ದು: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕೊನೆಯ ದಿನ ಬೆಳಿಗ್ಗೆ ನಾನು ಮಾಸ್ಕು ಹಾಕಿಕೊಂಡು ಅವಳ ಬಾಯಿ ಒರೆಸುತ್ತಿದ್ದೆ. ಕಣ್ಣು ಆಗಲೇ ಮಂಜಾಗಿತ್ತು. ನನ್ನ ಮಣಿಕಟ್ಟು ಹಿಡಿದು, "ಮಿರೆಯ್?" ಎಂದಳು. ಹೌದು ಎಂದೆ. "ಬಂದ್ಯಾ, ಬಿಟ್ರಾ?" ಎಂದಳು. ಬಿಟ್ಟರು ಎಂದೆ. ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಪಿಸುಮಾತಿನಲ್ಲಿ ಹೇಳಿದಳು: "ಮೆಲ್ಲಗೆ ಮಾತಾಡು, ಲೋರೆಟ್‌ಗೆ ಕೇಳಿಸುತ್ತೆ. ನೀನು ದಿನಾ ಫೋನ್ ಮಾಡ್ತಿದ್ದೆ ಅಂತ ನಂಗೊತ್ತು. ಅವಳು ಸುಳ್ಳು ಹೇಳ್ತಾಳೆ. ನಾನು ನಂಬ್ದೋಳ ಹಾಗೆ ಇದ್ದುಬಿಡ್ತೀನಿ ಮಗಳೇ. ಸಿಟ್ಟು ಬಂದು ಅವಳೂ ಬಿಟ್ಟುಹೋದ್ರೆ ನನ್ನ ಯಾರು ನೋಡ್ತಾರೆ?" ಆಮೇಲೆ, "ಇವತ್ತೊಂದಿನ ಇಲ್ಲೇ ಇರು" ಎಂದಳು. ಇದ್ದೆ. ಅವಳ ಪ್ರಾಣ ಹೋಗುವ ತನಕ ನಿನ್ನ ದನಿಯಲ್ಲೇ ಮಾತಾಡಿದೆ.