ಹೊಸ್ತಿಲಲ್ಲಿಟ್ಟ ಚೆಂಬು

ಸ್ಮೋಲ್ಯಾನ್
೨೬ ಸೆಪ್ಟೆಂಬರ್ ೧೯೯೯, ಭಾನುವಾರ

ನನ್ನ ದಫೀನಾ,

ಅಪ್ಪನ ಕೈಬರಹ ನೋಡಿ ಗಾಬರಿಯಾಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮಾತ್ರ ಮಳೆ ಬರುವ ಹಿಂದಿನ ದಿನ ನೋಯುತ್ತದೆ. ಈಗ ಹವಾಮಾನಕ್ಕೆ ಇಡೀ ಬ್ಲಾಕ್‌ನವರು ರೇಡಿಯೋ ಬಿಟ್ಟು ಅವಳ ಮಂಡಿಯನ್ನೇ ಕೇಳುತ್ತಾರೆ. ಯಾವಾಗಲೂ ಪತ್ರ ಬರೆಯುವವಳು ಅವಳು, ಕೊನೆಗೆ ‘ಅಪ್ಪನ ಮುತ್ತುಗಳು’ ಎಂದು ಸೇರಿಸುವವಳೂ ಅವಳೇ. ಈ ಸಲ ಪೆನ್ನನ್ನು ನನ್ನ ಕೈಗೆ ತುರುಕಿ, “ಅವ್ಳು ಕೇಳಿರೋದು ನಿನ್ನನ್ನ, ನೀನೇ ಬರಿ” ಎಂದು ಹೇಳಿ ಬಾಲ್ಕನಿಗೆ ಹೋಗಿ ಕೂತಿದ್ದಾಳೆ.

ತುಂಬಾ ತಡವಾಯಿತು, ಮಗಳೇ. ನಿನ್ನ ಪತ್ರ ಈ ತಿಂಗಳ ಮೊದಲ ವಾರವೇ ಬಂತು. ಸೋಫಿಯಾದ ಜಾನಪದ ಮೇಳದವರು ನಿನ್ನನ್ನು ಒಂಟಿಯಾಗಿ ಹಾಡುವವರ ಸಾಲಿಗೆ ಸೇರಿಸಿ ಖಾಯಂ ಮಾಡುತ್ತಾರಂತೆ, ಐದು ವರ್ಷದ ಕರಾರಂತೆ, ಅಕ್ಟೋಬರ್ ಕೊನೆಯ ಸಂತ ದಿಮಿತರ್ ಹಬ್ಬದೊಳಗೆ ಸಹಿ ಆಗಬೇಕಂತೆ. ಕೊನೆಯ ಸಾಲಿನಲ್ಲಿ ನೀನು ಕೇಳಿದ್ದೆ: “ಅಪ್ಪಾ, ಹಾಕಲಾ?”

ನಿಜ ಹೇಳುತ್ತೇನೆ. ಓದಿದ ಗಳಿಗೆಯಲ್ಲೇ ‘ಹಾಕು’ ಎಂದು ತಂತಿ ಕಳಿಸಲು ಹೊರಟಿದ್ದೆ. ಅಂಗಿಯ ಗುಂಡಿಯನ್ನು ಮೆಟ್ಟಿಲಿಳಿಯುತ್ತಾ ಹಾಕಿಕೊಂಡೆ. ಶನಿವಾರ ಮಧ್ಯಾಹ್ನ ಅಂಚೆ ಕಚೇರಿ ಮುಚ್ಚಿತ್ತು. ಸೋಮವಾರ ಕಳಿಸಿದರಾಯಿತು ಎಂದು ವಾಪಸ್ ಬಂದೆ. ಭಾನುವಾರ ಲಿಫ್ಟ್ ಕೆಟ್ಟಿತು.

ನಿನಗೆ ಗೊತ್ತಲ್ಲ, ಸೆಪ್ಟೆಂಬರಿನಲ್ಲಿ ನಮ್ಮ ಬ್ಲಾಕ್ ಹೇಗಿರುತ್ತದೆಂದು. ಬಾಲ್ಕನಿ ಬಾಲ್ಕನಿಯಲ್ಲೂ ಕೆಂಪು ಮೆಣಸಿನಕಾಯಿ ಸುಡುವ ಹೊಗೆ, ಮೆಟ್ಟಿಲ ಮೇಲೆಲ್ಲ ಗಾಜಿನ ಭರಣಿಗಳು. ನಿನ್ನ ಅಮ್ಮ ಪ್ಲೋವ್ದಿವ್‌ನಿಂದ ಬಂದ ಲಾರಿಯವನ ಹತ್ತಿರ ಜಗಳವಾಡಿ ಒಂದು ಮೂಟೆ ಮೆಣಸಿನಕಾಯಿ ಕೊಂಡಳು. ಮೂಟೆಯ ಜೊತೆ ಲಿಫ್ಟ್ ಹತ್ತಿದಳು. ಐದು ಮತ್ತು ಆರನೇ ಮಹಡಿಯ ನಡುವೆ ಅದು ಒಮ್ಮೆ ನರಳಿ ನಿಂತುಬಿಟ್ಟಿತು. ಮನೆಗಳ ಉಸ್ತುವಾರಿಯ ಮಿತ್ಕೋ ಬನಿಯನ್ನಿನಲ್ಲೇ ಓಡಿಬಂದ. ಬಾಗಿಲ ಸಂದಿಗೆ ಬಾಯಿಟ್ಟು, “ವೇಸಕ್ಕಾ, ಕದಲ್ಬೇಡ, ಕಂಪನಿಗೆ ಫೋನ್ ಮಾಡಿದೀನಿ” ಅಂದ.

“ಕದಲೋಕೆ ಜಾಗ ಎಲ್ಲಿದೆಯೋ? ಮೂಟೆ ನನ್ನ ತೊಡೆ ಮೇಲೆ ಕೂತಿದೆ.”

“ಗಾಳಿ ಬರ್ತಿದೆಯಾ?”

“ಬರ್ತಿದೆ, ನಿನ್ನ ಬಾಯಿಂದ ಬೆಳ್ಳುಳ್ಳಿ ವಾಸ್ನೆ ಬರ್ತಿದೆ. ಆ ಕಡೆ ತಿರುಗು.” ಆಮೇಲೆ ಮತ್ತೆ ಅಂದಳು, “ನಮ್ಮ ದಫೀನಾ ಇದ್ದಿದ್ರೆ ಇಷ್ಟೊತ್ತಿಗೆ ನಾನು ಸುಟ್ಟು ಸಿಪ್ಪೆ ಸುಲೀತಾ ಇರ್ತಿದ್ದೆ.”

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಲಿಫ್ಟ್ ನೋಡಿಕೊಳ್ಳುತ್ತಿದ್ದ ಮುದುಕ ಆಸೆನ್ ಬಂದಾಗಲೆಲ್ಲ ನೀನು ಅವನ ಹಿಂದೆ ಮಾಡಿನ ಮೇಲಿನ ಮೋಟಾರು ಕೋಣೆಗೆ ಓಡುತ್ತಿದ್ದೆ. ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡು ಇಳಿಯುತ್ತಿದ್ದೆ. ನಾನು, “ಕೋಗಿಲೆ ಮರಿ ಕಾಗೆ ಆಗಿ ಬಂತು ನೋಡಿ” ಎಂದು ತಮಾಷೆ ಮಾಡುತ್ತಿದ್ದೆ. ಅದು ನನಗೆ ಯಾವತ್ತೂ ಮಕ್ಕಳಾಟವಾಗಿಯೇ ಕಂಡಿತು. ನೀನು ತಾಂತ್ರಿಕ ಶಾಲೆಗೆ ಸೇರಿದಾಗಲೂ ಸರ್ಟಿಫಿಕೇಟ್ ಇರಲಿ ಬಿಡು ಎಂದುಕೊಂಡೆ.

ಪ್ಲೋವ್ದಿವ್‌ನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಜಿವ್ಕೋ ಅಂತ ಹೆಸರು, ಇನ್ನೂ ಹುಡುಗ. ಅಮ್ಮನನ್ನು ಹೊರಗೆ ತೆಗೆದ ಮೇಲೆ ಅವಳೇ ಅವನನ್ನು ಮನೆಗೆ ಎಳೆದುಕೊಂಡು ಬಂದು ಹುರುಳಿಕಾಯಿ ಬೀಜದ ಸಾರು ಬಡಿಸಿದಳು. ಅವನು ಮೊದಲ ಚಮಚ ಎತ್ತಿ, ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ, ಚಮಚವನ್ನು ಹಾಗೇ ಹಿಡಿದು ಕೂತ. ಅದೇ ಫೋಟೋ, ಕೆಂಪು ಏಪ್ರನ್ನು ಉಟ್ಟು ವೇದಿಕೆಯ ಮೇಲೆ ಹಾಡುತ್ತಿರುವುದು.

“ಇವ್ರು ನಿಮ್ಮ ಮಗಳಾ?” ಎಂದು ಕೇಳಿದ.

“ಹೌದಪ್ಪ” ಎಂದು ನಾನು ಎದೆಯುಬ್ಬಿಸಿ ಶುರು ಮಾಡಿದೆ. ನನ್ನ ಆ ಭಾಷಣ ನಿನಗೆ ಬಾಯಿಪಾಠ. ಇಂಥ ಒಂದು ಲಿಫ್ಟ್ ಕಂಪನಿಯಲ್ಲೇ ಕೆಲಸ ಸಿಕ್ಕಿತ್ತು, ಜರ್ಮನ್ ಮಾರ್ಕಿನ ಲೆಕ್ಕದಲ್ಲಿ ಸಂಬಳ, ಅದನ್ನು ಒದ್ದು, ಅದರ ಕಾಲು ಭಾಗದ ಸಂಬಳಕ್ಕೆ ತನ್ನ ಕನಸನ್ನು ಹುಡುಕಿಕೊಂಡು ಸೋಫಿಯಾಕ್ಕೆ ಹೋದಳು ನಮ್ಮ ಹುಡುಗಿ, ಎಂದೆಲ್ಲ ಹೇಳಿದೆ. ಎರಡು ವರ್ಷದಿಂದ ಊರಿನಲ್ಲಿ ಇದನ್ನು ಕೇಳದವರು ಯಾರೂ ಉಳಿದಿಲ್ಲ.

ಹುಡುಗ ಕೇಳಿಸಿಕೊಂಡು ಮೆಲ್ಲಗೆ ಅಂದ: “ಅದು ನಮ್ಮ ಕಂಪನೀನೇ ಮಾನೋಲಣ್ಣ. ಇವ್ರು ಬಂದ ದಿನ ನಾನು ಅಲ್ಲೇ ಇದ್ದೆ. ಸಿಗ್ಲಿಲ್ಲ ಅಂತ ಅಳೋರನ್ನ ದಿನಾ ನೋಡ್ತೀವಿ. ಕೆಲಸ ಬೇಡ ಅಂತ ಹೇಳೋಕೆ ಬಂದು ಅತ್ತವ್ರನ್ನ ನೋಡಿದ್ದು ಅದೊಂದೇ ಸಲ.”

ಅಮ್ಮ ಬ್ರೆಡ್ಡು ಕೊಯ್ಯುತ್ತಿದ್ದವಳು ನಿಲ್ಲಿಸಿದಳು.

“ನಮ್ಮ ಇಂಜಿನಿಯರ್ ಪಾವ್ಲೋವಾ ಮೇಡಂ ನೀರು ಕೊಟ್ರು. ಯಾಕಮ್ಮ, ಮನೇಲಿ ಬೇಡ ಅಂದ್ರಾ ಅಂತ ಕೇಳಿದ್ರು. ಇಲ್ಲ, ಯಾರೂ ಏನೂ ಅಂದಿಲ್ಲ ಅಂದ್ರು ಇವ್ರು. ಆಮೇಲೆ, ಒಂದ್ಸಲ ವರ್ಕ್‌ಶಾಪ್ ನೋಡ್ಕೊಂಡು ಹೋಗ್ಲಾ ಅಂತ ಕೇಳಿದ್ರು. ಸಾಯಂಕಾಲದ ಬಸ್ಸಿನ ತನಕ ನಮ್ಮ ಜೊತೇನೇ ಇದ್ರು. ಬಿಚ್ಚಿಟ್ಟಿದ್ದ ಗೇರ್ ಪೆಟ್ಟಿಗೇನ ನನ್ನ ಜೊತೆ ಕೂತು ಜೋಡಿಸಿಕೊಟ್ಟು ಹೋದ್ರು. ಮೇಡಂ ಈಗ್ಲೂ ಕೇಳ್ತಾರೆ, ಆ ಸ್ಮೋಲ್ಯಾನ್ ಹುಡುಗಿ ಏನಾದ್ಲು ಅಂತ.”

ಅವನು ಹೋದ ಮೇಲೆ ನಾನೂ ಅಮ್ಮನೂ ಮೆಣಸಿನಕಾಯಿ ಸುಡಲು ಕೂತೆವು. ಎರಡು ವರ್ಷದ ಹಿಂದೆ ನೀನು ಪ್ಲೋವ್ದಿವ್‌ನಿಂದ ವಾಪಸ್ ಬಂದ ಆ ಸಾಯಂಕಾಲ ನನಗೆ ಚೆನ್ನಾಗಿ ನೆನಪಿದೆ ದಫೀನಾ. ನೀನು ಬಾಗಿಲಲ್ಲಿ ನಿಂತು, “ಹಾಡ್ತೀನಿ ಅಪ್ಪಾ. ಅವ್ರಿಗೆ ಬೇಡ ಅಂದ್ಬಿಟ್ಟೆ” ಎಂದೆ. ನಾನು ನಿನ್ನ ಕೈ ಹಿಡಿದು ಮನೆಯೊಳಗೆ ಒಂದು ಸುತ್ತು ಕುಣಿದೆ. ನಿನ್ನ ಕೈಗೆ ಎಣ್ಣೆಯ ವಾಸನೆ ಇತ್ತು. ಬಸ್ಸಿನದಿರಬೇಕು ಎಂದುಕೊಂಡೆ. ಗೋಡೆಯ ಮೊಳೆಯಿಂದ ನನ್ನ ಗಾಯ್ದಾ ಇಳಿಸಿ, ಅದರ ತೊಗಲಿನ ಚೀಲಕ್ಕೆ ಉಸಿರು ತುಂಬಿ, ಅರ್ಧ ಬ್ಲಾಕ್ ನಮ್ಮ ಮನೆಗೆ ಬರುವ ತನಕ ನುಡಿಸಿದೆ. ನೀನು ಹಾಡಿದೆ. ಅಷ್ಟು ಚೆನ್ನಾಗಿ ನೀನು ಅದಕ್ಕೆ ಮುಂಚೆ ಹಾಡಿರಲಿಲ್ಲ. ಹುಡುಗಿ ಸಂತೋಷದಿಂದ ಹಾಡುತ್ತಿದ್ದಾಳೆ ಎಂದು ನಾನು ಎಲ್ಲರಿಗೂ ಹೇಳಿದೆ.

ನನ್ನ ಕಥೆ ನಿನಗೆ ಗೊತ್ತು, ಆದರೂ ಇವತ್ತು ಬೇರೆ ಥರ ಹೇಳಬೇಕಾಗಿದೆ. ನಿನ್ನ ವಯಸ್ಸಿನಲ್ಲಿ ನನ್ನನ್ನು ಇದೇ ಥರದ ಮೇಳಕ್ಕೆ ಗಾಯ್ದಾ ನುಡಿಸಲು ಕರೆದಿದ್ದರು. ಗಣಿಯಲ್ಲಿ ಸಂಬಳ ಹೆಚ್ಚು, ಮನೆ ಕೊಡುತ್ತಾರೆ, ಬೇಗ ಪಿಂಚಣಿ. ಗಣಿಗೆ ಹೋದೆ. ಗಣಿ ಬಾವಿಯ ಮೇಲೆ ಕೂತು, ಕಬ್ಬಿಣದ ತೊಟ್ಟಿಲಿನಲ್ಲಿ ಜನರನ್ನು ಇಳಿಸುವ, ಎತ್ತುವ ಯಂತ್ರ ನಡೆಸುವ ಕೆಲಸ. ಅದನ್ನು ನಾನು ದ್ವೇಷಿಸಿದೆ. ಕೆಳಗಿನಿಂದ ಗಂಟೆ ಬಾರಿಸಿದಾಗಲೆಲ್ಲ, ಈಗ ಎಲ್ಲೋ ಒಂದು ಕಡೆ ನನ್ನ ಬದಲಿಗೆ ಬೇರೆ ಯಾರೋ ನುಡಿಸುತ್ತಿದ್ದಾರೆ ಎಂದು ಅನಿಸುತ್ತಿತ್ತು. ನನ್ನ ಮಗು ಹೀಗೆ ಕಬ್ಬಿಣದ ಹಗ್ಗಕ್ಕೆ ಕಟ್ಟಿಕೊಳ್ಳಬಾರದು ಎಂದು ಆಣೆ ಮಾಡಿದೆ.

ಶಾಲೆಗೆ ರಜೆ ಬಂದಾಗ ನಿನ್ನನ್ನು ಯಂತ್ರದ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ನೀನು ಎಣ್ಣೆ ಡಬ್ಬದ ಮೇಲೆ ಕೂತು ಚೀಸ್ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದೆ, ಕಣ್ಣೆಲ್ಲ ಆ ದೊಡ್ಡ ಚಕ್ರದ ಮೇಲೆ. ಪಾಳಿ ಮುಗಿದು ಚಕ್ರ ನಿಂತ ಮೇಲೆ ತಪ್ಪದೆ ಕೇಳುತ್ತಿದ್ದೆ: “ಎಲ್ಲಾರೂ ಮೇಲೆ ಬಂದ್ರಾ ಅಪ್ಪಾ?” ಬಂದರು ಎಂದರೆ ಡಬ್ಬದಿಂದ ಧುಮುಕಿ, “ಹಾಗಾದ್ರೆ ಮನೆಗೆ ಹೋಗೋಣ” ಎನ್ನುತ್ತಿದ್ದೆ. ಅಲ್ಲಿ ನಾನು ಕಳೆದುಕೊಂಡದ್ದನ್ನೇ ಲೆಕ್ಕ ಹಾಕುತ್ತಾ ಕೂತಿದ್ದೆ. ನೀನು ಅಲ್ಲೇ ಕೂತು ನಿನಗೆ ಬೇಕಾದದ್ದನ್ನು ಕಂಡುಕೊಂಡಿದ್ದೆ. ನನಗೆ ಸಂಬಳಕ್ಕಾಗಿ ಮಾಡುವ ಕೆಲಸವಾಗಿದ್ದದ್ದು ನಿನಗೆ ಕನಸಿನ ಕೆಲಸವಾಗಿರಬಹುದು ಎಂದು ನನ್ನ ದಪ್ಪ ತಲೆಗೆ ಹೊಳೆಯಲೇ ಇಲ್ಲ.

ಲಿಫ್ಟ್ ಕೆಟ್ಟ ಆ ರಾತ್ರಿ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಸಿಪ್ಪೆ ಸುಲಿಯುತ್ತಲೇ, “ನಿನ್ನ ಗಾಯ್ದಾ ನೀನೇ ಊದ್ಕೊಳ್ಬೇಕಿತ್ತು. ಅವ್ಳ ಗಂಟಲಲ್ಲಿ ಊದೋಕೆ ಹೋದೆ” ಎಂದಳು. ನಂತರ ಒಳಗೆ ಹೋಗಿ, ವಿಯೆನ್ನಾ ಪ್ರವಾಸದಿಂದ ನೀನು ಬರೆದಿದ್ದ ಪತ್ರ ತಂದು ನನ್ನ ಮುಂದೆ ಇಟ್ಟಳು. ಅದನ್ನು ನಾನು ಬೆಂಚಿನ ಮೇಲೆ ಕೂತು ನೆರೆಯವರಿಗೆಲ್ಲ ಓದಿ ಹೇಳಿದ್ದೆ. ಕಛೇರಿ ಚೆನ್ನಾಗಿ ಆಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂಬುದು ಒಂದು ಸಾಲು. ಉಳಿದ ಒಂದೂವರೆ ಪುಟ ಹೋಟೆಲಿನ ಹಳೆಯ ಲಿಫ್ಟಿನದು, ಅದರ ಹಿತ್ತಾಳೆ ಬಾಗಿಲು, ಅದು ಸದ್ದಿಲ್ಲದೆ ನಿಲ್ಲುವ ಬಗೆ, ಕಾವಲುಗಾರನನ್ನು ಪುಸಲಾಯಿಸಿ ನೀನು ಮೇಲಿನ ಕೋಣೆ ನೋಡಿದ್ದು. ಆ ಭಾಗವನ್ನು ನಾನು ಬಿಟ್ಟು ಓದಿದ್ದೆ. ಜನರಿಗೆ ಬೇಸರವಾಗುತ್ತದೆ ಎಂದು.

ಅದಾದ ಮೇಲೆ ಒಂದು ಬುಧವಾರ ಅಮ್ಮನಿಗೂ ಹೇಳದೆ ಪ್ಲೋವ್ದಿವ್‌ಗೆ ಹೋದೆ. ಆ ಪಾವ್ಲೋವಾ ಮೇಡಂ ಕಾಲಿಗೆ ಬಿದ್ದಾದರೂ ನಿನ್ನ ಜಾಗ ಕೇಳಿಬಿಡಬೇಕು ಎಂದಿತ್ತು. ಗೇಟಿನ ಎದುರು ನಿಂತೆ. ಟೋಪಿ ತೆಗೆದೆ, ಹಾಕಿಕೊಂಡೆ. ಮತ್ತೆ ನಾನೇ ಹೋಗಿ, ಮತ್ತೆ ನಿನ್ನ ಪರವಾಗಿ, ಮತ್ತೆ ನಿನ್ನನ್ನು ಕೇಳದೆ, ಒಂದು ಬಾಗಿಲು ತಟ್ಟುತ್ತಿದ್ದೇನಲ್ಲ ಎನಿಸಿತು. ಬಸ್ ನಿಲ್ದಾಣಕ್ಕೆ ವಾಪಸ್ ಬಂದು ಒಂದು ಗ್ಲಾಸ್ ಬೋಜಾ ಕುಡಿದೆ. ಸಿಹಿಗೆ ಹಲ್ಲು ಜುಮ್ಮೆಂದಿತು. ಮನೆಗೆ ಬಂದು ಒಪ್ಪಿಕೊಂಡಾಗ ಅಮ್ಮ, “ಹೋಗಿದ್ದು ದಡ್ಡತನ, ಒಳಗೆ ಹೋಗದೆ ಬಂದಿದ್ದು ಬುದ್ಧಿವಂತಿಕೆ. ಊಟ ಮಾಡು” ಎಂದಳು.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಮಗಳೇ. ಹಾಕು ಅನ್ನುವುದಿಲ್ಲ, ಹಾಕಬೇಡ ಅಂತಲೂ ಅನ್ನುವುದಿಲ್ಲ. ನಿನಗೆ ಹಾಡು ಇಷ್ಟವಿಲ್ಲ ಎಂದು ನಾನೇ ತೀರ್ಮಾನ ಮಾಡಿದರೆ ಅದು ಹಳೆಯ ತಪ್ಪಿನ ತಮ್ಮನೇ ಆದೀತು. ಎರಡು ವರ್ಷದಲ್ಲಿ ನೀನು ಅದನ್ನೂ ಪ್ರೀತಿಸಿರಬಹುದು, ನನಗೇನು ಗೊತ್ತು? ನನ್ನ ಮುಖ ನೋಡಿ ಮಾತ್ರ ಸಹಿ ಹಾಕಬೇಡ. ಊರಿನವರ ಮುಂದೆ ನಾನು ಆಡಿದ ದೊಡ್ಡ ಮಾತುಗಳ ಚಿಂತೆಯೂ ನಿನಗೆ ಬೇಡ. ಮಿತ್ಕೋಗೆ ನಿನ್ನೆಯೇ ಎಲ್ಲ ಹೇಳಿದೆ. “ಒಳ್ಳೇದಾಯ್ತು, ಅವ್ಳು ಬಂದ್ರೆ ಲಿಫ್ಟಿಗೆ ಅರ್ಧ ದುಡ್ಡು ಕೊಟ್ರೆ ಸಾಕು” ಎಂದು ಆಗಲೇ ಲೆಕ್ಕ ಹಾಕುತ್ತಿದ್ದಾನೆ.

ಬೇಸಿಗೆಯಲ್ಲಿ ಬಂದಾಗ ನೀನು ಬಡವಾಗಿದ್ದೆ. ಹೊತ್ತಿಗೆ ಸರಿಯಾಗಿ ತಿನ್ನು. ಸಾರು ಮಾಡಿಕೊಳ್ಳಲು ಬೀಜವನ್ನೂ, ಅಮ್ಮನ ಮೆಣಸಿನ ಗೊಜ್ಜಿನ ಭರಣಿಗಳನ್ನೂ ಶುಕ್ರವಾರದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇವೆ. ನೀನು ಎಲ್ಲಿದ್ದರೂ, ಏನು ಮಾಡಿದರೂ, ಸಂಜೆ ಮನೆಗೆ ಹೋಗುವಾಗ ನಿನ್ನ ಮನಸ್ಸು ಹಗುರವಾಗಿರಲಿ. ದೇವರು ನಿನ್ನ ಕೈಯನ್ನೂ ಕೊರಳನ್ನೂ ಕಾಯಲಿ. ಈ ಸಲ ಮುತ್ತುಗಳನ್ನು ನಾನೇ ಬರೆಯುತ್ತಿದ್ದೇನೆ.

ನಿನ್ನ ಅಪ್ಪ,
ಮಾನೋಲ್

ಮರೆತ ವಿಷಯ: ಪತ್ರ ಮಡಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಬರೆಯಬೇಕಾದದ್ದನ್ನೇ ಬರೆದಿರಲಿಲ್ಲ.

ನೀನು ಸೋಫಿಯಾಕ್ಕೆ ಹೊರಟ ದಿನ ಹೊಸ್ತಿಲಲ್ಲಿ ಚೆಂಬು ಇಟ್ಟವನು ನಾನೇ. ಹೊರಡುವವರು ಒದೆದು ಚೆಲ್ಲಿದ ನೀರು ಹರಿದಂತೆ ದಾರಿಯೆಲ್ಲ ಸರಾಗವಾಗಲಿ ಎಂದು ಕಂಠದ ತನಕ ತುಂಬಿಸಿದ್ದೆ. ನೀನು ಒದೆದದ್ದೇ ತಡ, ನೀರು ಕೆಳಗಿನ ಮಹಡಿಯ ತನಕ ಹರಿದು ಮಿತ್ಕೋ ಜಾರಿಬಿದ್ದ, ಎಲ್ಲರೂ ನಕ್ಕೆವು. ಆದರೆ ಅದಕ್ಕೆ ಮುಂಚೆ ಇನ್ನೊಂದು ಬೆಳಗ್ಗೆ ಇತ್ತು. ನೀನು ಲಿಫ್ಟ್ ಕಂಪನಿಯಲ್ಲಿ ಸಹಿ ಹಾಕಲು ಪ್ಲೋವ್ದಿವ್‌ಗೆ ಹೊರಟಿದ್ದೆ. ಅಮ್ಮ ಅದೇ ತಾಮ್ರದ ಚೆಂಬಿನಲ್ಲಿ ನೀರಿಟ್ಟು, ಒಂದು ಜೆರೇನಿಯಂ ಹೂ ಹಾಕಿ, ನಿನಗೆ ಬುತ್ತಿ ಕಟ್ಟಲು ಅಡುಗೆಮನೆಗೆ ಹೋಗಿದ್ದಳು. ನೀನು ಹೊಸ ಷೂ ಹಾಕಿಕೊಂಡು ಬಲಗಾಲು ಎತ್ತಿದ್ದೆ. ನಾನು ಬಗ್ಗಿ ಚೆಂಬು ತೆಗೆದುಕೊಂಡೆ. “ಮೆಟ್ಟಿಲೆಲ್ಲ ಒದ್ದೆಯಾಗುತ್ತೆ, ಯಾರಾದ್ರೂ ಜಾರ್ತಾರೆ” ಎಂದೆ. ನೀನು ನನ್ನ ಮುಖ ನೋಡಿ, ಎತ್ತಿದ ಕಾಲನ್ನು ಸುಮ್ಮನೆ ಕೆಳಗಿಟ್ಟೆ. ಯಾರೂ ಏನೂ ಅಂದಿಲ್ಲ ಎಂದು ಅವತ್ತೇ ಆ ಮೇಡಂಗೆ ಹೇಳಿದೆಯಲ್ಲ, ಅದು ನಿಜ. ನಾನು ಬಾಯಿಂದ ಏನೂ ಅಂದಿರಲಿಲ್ಲ.

ಇದನ್ನು ಅಮ್ಮನಿಗೆ ನಿನ್ನೆ ಹೇಳಿದೆ. ಅವಳು ಬಯ್ಯಲಿಲ್ಲ. ಎದ್ದು ಹೋಗಿ ಚೆಂಬನ್ನು ಉಪ್ಪು, ವಿನಿಗರ್ ಹಾಕಿ ಉಜ್ಜಿದಳು. ಈಗ ಅದು ಬಾಗಿಲ ಹತ್ತಿರ ಇದೆ.

ಹಬ್ಬಕ್ಕೆ ಮುಂಚೆ ಒಂದು ದಿನದ ಮಟ್ಟಿಗಾದರೂ ಬಾ. ಇಲ್ಲಿಂದ ಯಾವ ಊರಿನ ಬಸ್ ಹತ್ತುತ್ತೀಯ ಎಂದು ನಾನು ಕೇಳುವುದಿಲ್ಲ. ಚೆಂಬನ್ನು ಒದೆದು ಹೋಗು. ಮೆಟ್ಟಿಲನ್ನು ನಾನು ಒರೆಸುತ್ತೇನೆ.