ಗದ್ದೆಪ್ಪನ ಧ್ವನಿವರ್ಧಕದಲ್ಲಿ ಕೇಳಿದ ಮಾತು

ರಾಯಚೂರು, ೧೯೮೬

ಗದ್ದೆಪ್ಪ,

ನೀನು ತೀರಿಕೊಂಡ ಮೇಲೆ ಮೊದಲ ಬಾರಿಗೆ ಇಂದು ಮಾನ್ವಿಯ ನಿನ್ನ ಮನೆಗೆ ಹೋಗಿದ್ದೆ. ಬಂದವನೇ ಇದನ್ನು ಬರೆಯಲು ಕುಳಿತೆ.

ಹತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನನ್ನ ಪತ್ನಿ ಹಾಡಿದ ತತ್ತ್ವಪದವನ್ನು ನೀನು ಧ್ವನಿಮುದ್ರಿಸಿದ್ದೆಯಲ್ಲ, ಆ ಧ್ವನಿಸುರುಳಿಯನ್ನು ಕೇಳಬೇಕೆಂದು ನಿನ್ನ ಮಗಳು ಯಮನಮ್ಮ ಬರೆದಿದ್ದಳು. ಒಯ್ದೆ. ಚಹಾಪೆಟ್ಟಿಗೆಯ ಹಲಗೆ ಜೋಡಿಸಿ, ಒಳಗೆ ಹತ್ತಿ ತುಂಬಿ, ನನಗೆಂದೇ ನೀನು ಮಾಡಿ ಆ ದಿನ ತಂದು, ಅಂದೇ ಮರಳಿ ಒಯ್ದ ಆ ಎರಡು ಧ್ವನಿವರ್ಧಕಗಳಿಗೆ ಅವಳು ನಿನ್ನ ಟೇಪ್ ಯಂತ್ರವನ್ನು ಜೋಡಿಸಿ ಸುರುಳಿ ಹಾಕಿದಳು. ನನ್ನ ವಿದೇಶಿ ಯಂತ್ರದಲ್ಲಿ ಹತ್ತು ವರ್ಷ ಕೇಳಿದ ಸುರುಳಿಯೇ. ಇಂದು ಹಾಡುತ್ತಿದ್ದವಳ ಬಳೆ ಸರಿದದ್ದೂ ಕೇಳಿಸಿತು. ಹಾಡಿನ ಮೂರನೆಯ ನುಡಿಯ ಹಿಂದೆ, ಒಳಕೋಣೆಯಿಂದ, ಆಳಿಗೆ ಹೇಳುತ್ತಿದ್ದ ನನ್ನ ದನಿ:

"ಹಾಡು ಮುಗಿದಮ್ಯಾಲ ಆ ಗದ್ದೆಪ್ಪನ ಡಬ್ಬಿ ಕೊಟ್ಟಿಗ್ಯಾಗ ಇಡು. ಕೂಲ್ಯಾರ ಕೈಗೆಲಸ ಪಡಸಾಲ್ಯಾಗ ಬ್ಯಾಡ."

ಅಂದು ಹಾಡು ಮುದ್ರಿಸುತ್ತ ಕಿವಿಗೆ ಹೆಡ್‌ಫೋನ್ ಧರಿಸಿ ಕುಳಿತಿದ್ದ ನೀನು, "ನೀವಂದಿದ್ದು ನನಗ ಕೇಳಿಸ್ಯದರಿ, ಮಾಸ್ತರ್ರ" ಎಂದಿದ್ದೆ. ಅತಿಥಿಗಳೆದುರು ನಾನು ನಿನ್ನನ್ನು ಸುಳ್ಳುಗಾರನೆಂದೆ. ಮರುದಿನ ಸುರುಳಿಯನ್ನು ನನ್ನ ಯಂತ್ರದಲ್ಲಿ ಕೇಳಿ, ಅದರಲ್ಲಿ ಹಾಡಲ್ಲದೆ ಬೇರೇನೂ ಇಲ್ಲವೆಂದು ಊರಿಗೆಲ್ಲ ಸಾರಿದೆ. ಬರಬರುತ್ತ ನಾನೂ ಅದನ್ನೇ ನಂಬಿದೆ.

ಯಮನಮ್ಮ ಸುರುಳಿಯನ್ನು ನಿಲ್ಲಿಸಿದಳು. "ಹಿಂದ ಯಾರೋ ಮಾತಾಡ್ಯಾರಲ್ರಿ ಮಾಸ್ತರ್ರ, ಯಾರ್ರಿ ಅವ್ರು?"

"ಗೊತ್ತಾಗಲಿಲ್ಲ, ತಾಯಿ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ಸುರುಳಿಯನ್ನು ಹಿಂದಕ್ಕೆ ತಿರುಗಿಸಿ, ಮತ್ತೊಮ್ಮೆ ಹಾಕಿದಳು. ನಾನು ಎದ್ದು ಹೊರಬಿದ್ದೆ. ಅಂಗಳ ದಾಟಿದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಶರಣಯ್ಯ