ಸುಬ್ಬನ ಟಬ್ಬಿನ ತೂತುಗಳು

ಮೇ 3, 1971. ಟ್ರಿವೇಂಡ್ರಮ್. ಬೆಳಿಗ್ಗೆ 6
ಟಬ್ಬಿನೊಳಗೆ 29 ಡಿಗ್ರಿ. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳದ ಒಳಬದಿ ಒಣಗಿದೆ. ಸುಬ್ಬ ಮರಳಿನೊಳಗೆ ಹೂತುಕೊಂಡು ಮೂತಿ ಮಾತ್ರ ಹೊರಗಿಟ್ಟಿದ್ದಾನೆ. ಎರಡು ತಲೆ ಹಾವು. ವಿಷವಿಲ್ಲ... ಹೇಳಿ ಹೇಳಿ ಬಾಯಿ ನೋಯಿತು.

ಮುಚ್ಚಳದ ಮೇಲೆ ಮತ್ತೆ ಕುಂಕುಮ! ಅತ್ತಿಗೆಯ ಕೆಲಸ. ಸೋಲ್ಡರಿಂಗ್ ಐರನ್ನಿನಿಂದ ಒಂದೊಂದಾಗಿ ಕೊರೆದ ತೂತುಗಳು. ಮೂರು ಮುಚ್ಚಿಹೋಗಿವೆ. ಸೂಜಿಯಿಂದ ಕೆದಕಿ ತೆಗೆದೆ.

"ಇದು ದೇವರ ಮಂಟಪ ಅಲ್ಲ ಅತ್ತಿಗೆ. ಗಾಳಿ ಆಡೋಕೆ ಮಾಡಿದ ತೂತು."

"ಸುಬ್ಬಪ್ಪ ಅಲ್ವೇನಪ್ಪ, ಒಂದು ಬೊಟ್ಟಿಟ್ರೆ ಏನಾಯ್ತು?"

ತಲೆ ಚಚ್ಚಿಕೊಳ್ಳಬೇಕು. ಅಣ್ಣ ರಾಕೆಟ್ ಕೇಂದ್ರದಲ್ಲಿ ಎಂಜಿನಿಯರ್, ಈಕೆ ಹಾವಿಗೆ ಬೊಟ್ಟು. ಮೈಸೂರು ಬಿಟ್ಟು ವರ್ಷವಾಯಿತು, ಮಲಯಾಳದ ಒಂದು ಪದ ಬಾರದು.

ಮೇ 9
ಎರಡು ದಿನದಿಂದ ಮಳೆ. 24 ಡಿಗ್ರಿ. ಸುಬ್ಬ ಮುದುಡಿ ಬಿದ್ದಿದ್ದಾನೆ. ಮೂವತ್ತು ತೂತಿನಲ್ಲಿ ಇಪ್ಪತ್ತಕ್ಕೆ ಪ್ಲಾಸ್ಟರ್ ಅಂಟಿಸಿದೆ. 26 ಆಯಿತು. ಸಾಕು.

ನಾಳೆ ಎರ್ನಾಕುಲಂ ಗಾಡಿ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಆಫೀಸ್ ಕೆಲಸ, ನಾಲ್ಕು ದಿನ. ಅಣ್ಣನೂ ಟೂರ್. ಉಳಿದವರು ಯಾರು? ಈಕೆ! ನೋಟ್‌ಬುಕ್ ಕೊಟ್ಟೆ. ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆಯಿರಿ, ನಾನು ಹೇಳದೆ ಮುಚ್ಚಳ ಮುಟ್ಟಬೇಡಿ ಎಂದೆ. "ಆಯ್ತಪ್ಪ" ಎಂದರು. ಬರೆದ ಹಾಗೆಯೇ!

ಮೇ 12. ವಿಲ್ಲಿಂಗ್ಡನ್ ಐಲ್ಯಾಂಡ್. ಬೆಳಿಗ್ಗೆ 9.30
ಮಳೆ ಹೋಯಿತು. ಉರಿ ಬಿಸಿಲು, ಅಲ್ಲಿಯೂ ಹೀಗೇ ಅಂತೆ. ಅಯ್ಯೋ, ಪ್ಲಾಸ್ಟರ್! ಪಕ್ಕದ ಮನೆಯ ಓಮನ ಚೇಚಿಗೆ ಟ್ರಂಕ್ ಕಾಲ್ ಮಾಡಿದೆ. ಫೋನ್ ಇರುವುದು ಅಲ್ಲೊಂದೇ.

"ದ್ವಾರಂ ಎಲ್ಲಾಂ ತುರಕ್ಕಣಂ, ಚೇಚೀ."

ತೂತನ್ನೆಲ್ಲ ತೆರೆಯಬೇಕು — ಅತ್ತಿಗೆಗೆ ಇಷ್ಟೇ ಹೇಳಿ ಎಂದೆ. ಚೊಕ್ಕ ಮಲಯಾಳ! ಆಪರೇಟರ್ ಕೂಡ ನನ್ನನ್ನು ಇಲ್ಲಿಯವನೇ ಎಂದುಕೊಂಡಿರಬೇಕು.

ಮೇ 14. ಸಂಜೆ
ಸುಬ್ಬ ಸತ್ತ.

ಪ್ಲಾಸ್ಟರ್ ಹಾಗೇ ಇದೆ. ಉಳಿದ ಹತ್ತು ತೂತಿಗೂ ಬಟ್ಟೆ! ಹಳೇ ಸೀರೆ ಹರಿದು, ಬತ್ತಿಯಂತೆ ಹೊಸೆದು, ಗಿಡಿದಿದ್ದಾರೆ. ಒಳಗೆಲ್ಲ ನೀರಹನಿ, ವಾಸನೆ.

"ಹಾವು ಬೇಡ ಅಂದಿದ್ರೆ ಬಾಯಿಬಿಟ್ಟು ಹೇಳಬೇಕಿತ್ತು. ಉಸಿರು ಕಟ್ಟಿಸಿ ಕೊಂದ್ರಲ್ಲ!"

"ನೀನೇ ಹೇಳಿ ಕಳಿಸಿದ್ಯಲ್ಲೋ ವಿಠಲ..."

ಮಾಡಿದ್ದೂ ಅಲ್ಲದೆ ಸುಳ್ಳು ಬೇರೆ.

ಮೇ 15
ತೆಂಗಿನ ಮರದ ಬುಡದಲ್ಲಿ ಹೂತೆ. ಅತ್ತಿಗೆ ಹಾಲಿನ ಲೋಟ ಹಿಡಿದು ಬಂದರು. ಕೈಯಿಂದ ಕಿತ್ತು ಚೆಲ್ಲಿದೆ. ಚೆಲ್ಲಿದ್ದೇ ಸರಿ.

ಮೇ 24
ಹತ್ತು ದಿನದಿಂದ ಮಾತಿಲ್ಲ. ಊಟ ಹೋಟೆಲಿನಲ್ಲಿ. ಆದರೂ ದಿನಾ ಬಾಗಿಲಲ್ಲಿ ನಿಂತು "ಊಟಕ್ಕೆ ಬಾಪ್ಪ". ನಾಟಕ! "ಬಿಡೋ, ಸಾಕು" ಎಂದ ಅಣ್ಣ. ಬಿಡುವುದಿಲ್ಲ.

ಮೇ 26. ಮಧ್ಯಾಹ್ನ 1
ಟಬ್ಬು ಎಸೆಯೋಣವೆಂದು ಎತ್ತಿದೆ. ಅಡಿಯಲ್ಲಿ ನೋಟ್‌ಬುಕ್. ಇಷ್ಟು ದಿನ ತೆರೆದೇ ನೋಡಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ, ಒಂದೂ ತಪ್ಪಿಲ್ಲ. ಅತ್ತಿಗೆಯ ಗುಂಡು ಅಕ್ಷರ:

"ಬುಧವಾರ 10 ಗಂಟೆ — 31. ವಿಠಲ ಫೋನ್ ಮಾಡಿದ ಅಂತ ಓಮನ ಬಂದಳು. ತೂತು ತೋರಿಸಿ ತುರುಕಣಂ ತುರುಕಣಂ ಅಂದಳು. ತುರುಕಿದೆ.

12 — 35.

2 — 38. ಸುಬ್ಬಪ್ಪ ಮುಚ್ಚಳಕ್ಕೆ ಮೂತಿ ಒತ್ತುತಾನೆ. ಬಟ್ಟೆ ಕಿತ್ತು ಹಾಕೋಣ ಅನ್ಸತ್ತೆ. ಆದರೆ ವಿಠಲ ತಿಳಿದೋನು, ಸುಮ್ನೆ ಹೇಳಿರಲ್ಲ.

4 — 41. ಅಲುಗಾಡ್ತಿಲ್ಲ. ಮಲಗಿರಬೇಕು."

ಆಮೇಲೂ ಬರೆದಿದ್ದಾರೆ. ಶುಕ್ರವಾರದವರೆಗೆ.

ತುರಕ್ಕಣಂ. ತುರುಕಣಂ. ಥೂ ನನ್ನ ಚೊಕ್ಕ ಮಲಯಾಳಕ್ಕೆ!

ಬಾಗಿಲಲ್ಲಿ ಬಂದು ನಿಂತರು. "ವಿಠಲ, ಊಟಕ್ಕೆ ಬಾಪ್ಪ."

ಹೋಗಬೇಕು. ಕಾಲಿಗೆ ಬಿದ್ದಾದರೂ ಹೇಳಬೇಕು — ಅತ್ತಿಗೆ, ಅವನನ್ನು ಕೊಂದದ್ದು ನೀವಲ್ಲ, ನಾನು.